ಬಾಕಿ ಉಳಿದ ಒಡಪು

೬ ಜನವರಿ ೨೦೨೫, ಸೋಮವಾರ. ಸಿಂದಗಿ

ಈ ಡೈರಿ ಬರೆಯುವುದು ನನ್ನ ಆಸೆಯಿಂದಲ್ಲ. ಮಗಳು ಶುಭಾ ಬೆಳಿಗ್ಗೆ ಇದನ್ನು ನನ್ನ ಮುಂದೆ ಇಟ್ಟು, "ಅಪ್ಪಾ, ನಿನ್ನ ಸಿಟ್ಟೆಲ್ಲಾ ಇದರಾಗ ಬರಿ. ಓಣಿ ಮಂದಿಗೆ ಕೇಳಸೋದು ಬ್ಯಾಡ" ಎಂದು ಮನಗೂಳಿಯ ಬಸ್ಸು ಹತ್ತಿ ಹೋದಳು. ಅಲ್ಲಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ಗಣಿತ ಕಲಿಸುತ್ತಾಳೆ, ಮನೆಯಲ್ಲಿ ನನಗೆ ಬುದ್ಧಿ ಕಲಿಸುತ್ತಾಳೆ.

ನನ್ನ ದನಿ ದೊಡ್ಡದು, ಒಪ್ಪಿದೆ. ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಮೈಕ್ ಹಿಡಿದು ಆಯುಷ್ಯ ಕಳೆದವನು ನಾನು. "ಇಂಡಿ, ಇಂಡಿ! ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆ ಹೋಗೋರು ಲಗೂನ ಬರ್ರಿ!" ಎಂದು ಕೂಗಿದರೆ ಕರೆಂಟ್ ಹೋದ ದಿನವೂ ಹೊರಗಿನ ಚಹಾದಂಗಡಿಯವರೆಗೆ ಕೇಳುತ್ತಿತ್ತು. ನಿವೃತ್ತನಾದ ಮೇಲೆ ಕೂಗಲಿಕ್ಕೆ ಬಸ್ಸು ಉಳಿಯಲಿಲ್ಲ, ಮನೆಯವರು ಉಳಿದರು.

ನಮ್ಮಾಕೆಗೆ ಲಕ್ವಾ ಹೊಡೆದು ಎರಡು ವರ್ಷವಾಯಿತು. ಕೈಕಾಲು, ಮುಖ, ನಾಲಿಗೆ ಒಂದೂ ಅಲುಗುವುದಿಲ್ಲ. ಅರೆದ ಅನ್ನ-ಸಾರು ಚಮಚದಲ್ಲಿ ಹಾಕಿದರೆ ಹೇಗೋ ನುಂಗುತ್ತಾಳೆ. ಬುದ್ಧಿ ಮಾತ್ರ ಮೊದಲಿನ ಹಾಗೇ ಚುರುಕಾಗಿದೆ ಎಂದು ಡಾಕ್ಟರು ಹೇಳಿದ್ದಾರೆ. ಕಣ್ಣು ಮೇಲೆತ್ತಿದರೆ ಹೌದು, ಕೆಳಗಿಳಿಸಿದರೆ ಅಲ್ಲ. ಉಳಿದದ್ದನ್ನೆಲ್ಲ ಅವಳ ಪರವಾಗಿ ನಾನೇ ಹೇಳುತ್ತೇನೆ. ಅವಳಿಗೆ ನಸುಕಿನಲ್ಲಿ ರೇಡಿಯೋ ವಾರ್ತೆ ಬೇಕು, ಫ್ಯಾನು ಜೋರಾಗಿ ತಿರುಗಬೇಕು, ಸಾರು ಸಪ್ಪಗಿರಬೇಕು. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಗೊತ್ತಾಗದ್ದು ಏನಿದೆ?

ಇವತ್ತು ನಿಷತ ಎಂಬ ಹುಡುಗಿ ಬಂದಿದ್ದಳು. ಮುದ್ದೇಬಿಹಾಳದವಳು, ಇಂಜಿನಿಯರು, ಯಾವುದೋ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ತಲೆಗೆ ತಂತಿಗಳ ಟೋಪಿ ಹಾಕಿ, ರೋಗಿ ಮನಸ್ಸಿನಲ್ಲೇ ಅಕ್ಷರ ಆರಿಸಿದರೆ ಕಂಪ್ಯೂಟರು ಬರೆಯುತ್ತದಂತೆ. ಟೋಪಿ ಹಾಕುವವರನ್ನು ಬಸ್ ಸ್ಟ್ಯಾಂಡಿನಲ್ಲಿ ನಾನು ಬಹಳ ಮಂದಿ ನೋಡಿದ್ದೇನೆ. ಅದನ್ನೇ ಬಾಯಿಬಿಟ್ಟು ಹೇಳಿದೆ. ಹುಡುಗಿ ನಕ್ಕಳು. "ಮೊದಲು ನೋಡ್ರಿ ಕಾಕಾ, ಆಮ್ಯಾಲ ಬೈರಿ" ಎಂದಳು.

೯ ಜನವರಿ, ಗುರುವಾರ

ಟೋಪಿ ಹಾಕುವ ಮೊದಲು ಕೂದಲಿಗೆ ಒಂದು ನಮೂನೆ ಅಂಟು ಹಚ್ಚಬೇಕಂತೆ. ನನಗೆ ಸರಿ ಬರಲಿಲ್ಲ. "ಇಕಿಗೆ ಮಡಿ ಭಾಳ. ಇಂಥಾದ್ದೆಲ್ಲಾ ಒಪ್ಪಂಗಿಲ್ಲ" ಎಂದೆ. ನಿಷತ ನನ್ನ ಮಾತು ಕಿವಿಗೇ ಹಾಕಿಕೊಳ್ಳದೆ ಮಂಚದ ಬಳಿ ಬಗ್ಗಿದಳು. "ತುಳಸೀಬಾಯಿ ಅಮ್ಮಾರ, ಇದು ತಣ್ಣಗ ಐತ್ರಿ, ಆಮ್ಯಾಲ ತೊಳದು ಕೊಡ್ತೇನಿ. ಹಚ್ಚಲ್ಯಾ?" ಕಣ್ಣು ಟಪ್ಪನೆ ಮೇಲೆ ಹೋಯಿತು. ಅಂದರೆ ಈಕೆಯ ಮಡಿ ನನ್ನ ಮುಂದೆ ಮಾತ್ರ ಎಂದಾಯಿತು.

ಪರದೆಯ ನಟ್ಟನಡುವೆ ಒಂದೊಂದೇ ಅಕ್ಷರ ಮಿಂಚಿ ಹೋಗುತ್ತದೆ. ತನಗೆ ಬೇಕಾದ ಅಕ್ಷರ ಬಂದಾಗ ಮನಸ್ಸು 'ಇದೇ' ಎನ್ನುತ್ತದೆ. ಆಗ ತಲೆಯೊಳಗೆ ಏಳುವ ಸಣ್ಣ ಅಲೆಯನ್ನು ಟೋಪಿ ಹಿಡಿಯುತ್ತದೆ. ಆದರೆ ಯಂತ್ರ ಮೊದಲು ಇವಳ ತಲೆಯ ರೂಢಿ ಕಲಿಯಬೇಕು. ಅದಕ್ಕಾಗಿ ಎಲ್ಲ ರೋಗಿಗಳಿಗೂ ಒಂದೇ ಪಾಠ: ತನ್ನ ಹೆಸರು, ಮಗುವಿನ ಹೆಸರು, ಊರು, ಸಂಗಾತಿಯ ಹೆಸರು. ಈ ನಾಲ್ಕು ಪದಗಳನ್ನು ಮನಸ್ಸಿನಲ್ಲಿ ಆರಿಸಿದ ಮೇಲೆಯೇ ತನಗೆ ಬೇಕಾದ್ದು ಬರೆಯುವ ಬೀಗ ತೆರೆಯುವುದು.

'ತುಳಸಿ' ಬಂತು. ನಾನು ಕುರ್ಚಿ ಬಿಟ್ಟು ಎದ್ದೆ. 'ಶುಭಾ' ಬಂತು. ಮಗಳು ಅತ್ತಳು. 'ಸಿಂದಗಿ'ಯೂ ಬಂತು. ಕೊನೆಗೆ 'ಶ್ರೀನಿವಾಸ'. ನಾನು ಅಂಗಿ ಸರಿಮಾಡಿಕೊಂಡು ಕುಳಿತೆ. ಬಂದದ್ದು 'ಟಖೂಮಞ'.

೧೧ ಜನವರಿ, ಶನಿವಾರ

ಮತ್ತೆ ಅದೇ. ಎಲ್ಲರ ಹೆಸರೂ ಬರುತ್ತದೆ, ನನ್ನ ಸರದಿ ಬಂದರೆ ಕಸ.

ಸಂಜೆ ಗೆಳೆಯ ಮುರ್ತುಜಾಸಾಬ ಬಂದ. ಇಂಡಿ ಗಾಡಿಯ ಡ್ರೈವರ್ ಆಗಿದ್ದವನು, ನನ್ನ ಜೊತೆಗೇ ನಿವೃತ್ತನಾದವನು. ಸಂಗತಿ ಕೇಳಿ ತೊಡೆ ತಟ್ಟಿಕೊಂಡು ನಕ್ಕ. "ಕಂಟ್ರೋಲರ್ ಸಾಹೇಬ್ರ, ನಿಮ್ಮ ಹೆಸರಿನ ಗಾಡಿ ಕ್ಯಾನ್ಸಲ್ ಆಗೇತಿ ಬಿಡ್ರಿ!" ನಾನು ಅವನಿಗೆ ಚಹಾ ಕೊಡಲಿಲ್ಲ. ಅವನು ಶುಭಾಳನ್ನು ಕೇಳಿ ಇಸಿದುಕೊಂಡು ಕುಡಿದ.

೧೪ ಜನವರಿ, ಸಂಕ್ರಾಂತಿ

ಸಜ್ಜೆ ರೊಟ್ಟಿ, ಕುಸುರೆಳ್ಳು, ಪಲ್ಯ. ಇವಳಿಗೆ ಎಳ್ಳಿನ ಹೋಳಿಗೆಯನ್ನು ಹಾಲಿನಲ್ಲಿ ಅರೆದು ಕೊಟ್ಟೆವು.

ಹಬ್ಬ ಬಂದರೆ ನನಗೆ ನಮ್ಮ ಹಳೆಯ ವ್ಯಾಜ್ಯ ನೆನಪಾಗುತ್ತದೆ. ಮದುವೆ ಇವಳ ಊರು ಇಂಗಳೇಶ್ವರದಲ್ಲಾಯಿತು. ಸಿಂದಗಿಗೆ ಬಂದು ಹೊಸ್ತಿಲು ದಾಟುವ ಹೊತ್ತಿಗೆ ನನ್ನ ಅಕ್ಕಂದಿರು ಬಾಗಿಲಿಗೆ ಅಡ್ಡ ನಿಂತರು. "ಒಡಪು ಹಾಕಿ ಗಂಡನ ಹೆಸರು ಹೇಳು, ಆಮ್ಯಾಲ ಬಾಗಿಲ ಬಿಡ್ತೇವಿ." ಎರಡು ಸಾಲು ಪ್ರಾಸ ಕಟ್ಟಿ, ಅದರಲ್ಲಿ ಗಂಡನ ಹೆಸರು ಸೇರಿಸುವುದು, ಅಷ್ಟೇ. ಊರಿನ ಹೆಂಗಸರೆಲ್ಲ ಹೇಳುತ್ತಾರೆ. ಈಕೆ ತುಟಿ ಪಿಟಕ್ಕೆನ್ನಲಿಲ್ಲ. ನಾನು ಬಾಸಿಂಗ ಕಟ್ಟಿಕೊಂಡು ಬಿಸಿಲಲ್ಲಿ ನಿಂತೇ ನಿಂತೆ. ಕಡೆಗೆ ಅವ್ವ ಒಳಗಿನಿಂದ, "ಅನ್ನ ಆರಲಿಕ್ಹತ್ತದ, ಬಿಡ್ರೇ!" ಎಂದು ಬೈದದ್ದರಿಂದ ಒಳಗೆ ಬಂದೆವು.

ಅಂದಿನಿಂದ ಪ್ರತಿ ಸಂಕ್ರಾಂತಿಗೆ ನಾನು "ಏ, ಕೇಳಿದೇನ? ಒಡಪು ಬಾಕಿ ಅದ" ಎಂದು ಕಾಡುವುದು, ಅವಳು ಸೆರಗು ಬಾಯಿಗಿಟ್ಟುಕೊಂಡು "ಕೊಡೋಣಂತ ತಡೀರಿ, ಏನ್ ಗಡಿಬಿಡಿ ಅದ" ಎನ್ನುವುದು. ಇವತ್ತೂ ಕಾಡಿದೆ. ಕಣ್ಣು ಮೇಲೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ, ನನ್ನನ್ನೇ ನೋಡುತ್ತ ನಿಂತಿತು.

೨೪ ಜನವರಿ, ಶುಕ್ರವಾರ

ಇವತ್ತು ನಿಷತ ನಗುತ್ತಿರಲಿಲ್ಲ. "ಕಾಕಾ, ಖರೇ ಹೇಳ್ತೇನ್ರಿ. ನಾಕನೇ ಪದ ಬರಲಿಲ್ಲಂದ್ರ ಬೀಗ ತೆರಿಯಂಗಿಲ್ಲ. ಮಾರ್ಚ್ ಮೊದಲ ವಾರ ನಮ್ಮ ದೊಡ್ಡ ಸಾಹೇಬ್ರು ಪರೀಕ್ಷಾಕ ಬರ್ತಾರ. ಅಮ್ಮಾರಿಗೆ ಇದು ಆಗಂಗಿಲ್ಲ ಅಂತ ಬರದ್ರಂದ್ರ ಈ ಮಷೀನು ಬ್ಯಾರೇ ಮನಿಗೆ ಹೋಕ್ಕೇತಿ. ಮುದ್ದೇಬಿಹಾಳದಾಗ ಒಬ್ಬರು ಕಾಯಾಕತ್ತಾರ."

ಅವಳು ಹೋದ ಮೇಲೆ ನನ್ನ ತಲೆ ಕೆಟ್ಟಿತು. ಮಂಚದ ಬಳಿ ನಿಂತು ಕೂಗಿದೆ. "ಮಗಳ ಹೆಸರ ನೆನಪದ, ಊರ ಹೆಸರ ನೆನಪದ, ನಾ ಒಬ್ಬಾಂವನ ಮರ್ತಿ ಏನ? ಒಂದ ಹೆಸರ ಅನ್ನಲಿಕ್ಕೆ ಏನ್ ರೋಗ ನಿನಗ?" ಕಣ್ಣು ಕೆಳಗಿಳಿಯಿತು. ಅಲ್ಲ. ಏನು ಅಲ್ಲ? ಮರೆತಿಲ್ಲವೋ, ರೋಗವಿಲ್ಲವೋ, ನಾನೇ ಅಲ್ಲವೋ? ಆಮೇಲೆ ಆ ಕಣ್ಣಿನಿಂದ ನೀರು ಕಿವಿಯ ಕಡೆಗೆ ಹರಿಯಿತು. ಒರೆಸಿಕೊಳ್ಳಲು ಅವಳಿಗೆ ಕೈ ಏಳುವುದಿಲ್ಲ.

ಒರೆಸಿದೆ.

೨೫ ಜನವರಿ

ಬರೆಯುವ ಮನಸ್ಸಿಲ್ಲ. ಶುಭಾಗೆ ಜ್ವರ. ಸಾರು ನಾನೇ ಮಾಡಿದೆ. ಒಗ್ಗರಣೆ ಸೀದಿತು.

೪ ಫೆಬ್ರವರಿ, ರಥಸಪ್ತಮಿ

ನಾನೊಬ್ಬ ಹುಚ್ಚು ಮುದುಕ. ಹೀಗೆಂದು ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಯಾರಾದರೂ ಅಂದರೆ ಸುಮ್ಮನಿರುವುದಿಲ್ಲ.

ಶುಭಾ ಇವತ್ತು ಅವ್ವನ ಹೆಸರಿನಲ್ಲಿ ಅರಿಶಿನ-ಕುಂಕುಮಕ್ಕೆ ಓಣಿಯ ಹೆಂಗಸರನ್ನು ಕರೆದಿದ್ದಳು. ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ನಾನು ಪಡಸಾಲೆಯಲ್ಲಿ ಪೇಪರ್ ಹಿಡಿದು ಕುಳಿತಿದ್ದೆ. ಒಳಗೆ ಒಡಪು ಶುರುವಾಯಿತು. ಎದುರು ಮನೆಯ ವಿಜಯಲಕ್ಷ್ಮಿಯನ್ನು ಎಲ್ಲರೂ ಹಿಡಿದುಕೊಂಡರು. ಅವಳು ಒಲ್ಲೆ ಒಲ್ಲೆ ಎನ್ನುತ್ತಲೇ ಹೇಳಿದಳು:

"ಕುಸುರೆಳ್ಳಿಗೆ ಹಾಕೇನಿ ಸಕ್ಕರಿ ಪಾಕ,
ಸಿದ್ಧರಾಮ ಅವರ ಗೊರಕಿಗೆ ಎದ್ದು ಕುಂತೈತಿ ಲೋಕ!"

ಹೆಂಗಸರು ಬಿದ್ದು ಬಿದ್ದು ನಕ್ಕರು. "ಭೇಷ್! ದಿನಾ ಬಾಯಾಗ ಬರಲಾರದ ಹೆಸರು ಇವತ್ತ ಬಂತು ನೋಡು" ಎಂದು ಯಾರೋ ಅಂದರು. ವಿಜಯಲಕ್ಷ್ಮಿ, "ಏನ್ ಮಾಡೂದವ್ವಾ, ಬ್ಯಾಂಕಿನಾಗ ಕೇಳಿದ್ರೂ ನಾ ಮಗನ ಕಡೆ ಬಟ್ಟು ಮಾಡಿ ತೋರಸ್ತೇನಿ. ಹ್ಯಾಂಗ ಅನ್ನೂದು?" ಎಂದಳು.

ನನ್ನ ಕೈಯ ಪೇಪರ್ ಕೆಳಗೆ ಬಿತ್ತು. ಇವಳು ಯಾವತ್ತು ನನ್ನ ಹೆಸರು ಹೇಳಿದ್ದಾಳೆ? ಆಸ್ಪತ್ರೆಯಲ್ಲಿ ಗಂಡನ ಹೆಸರು ಕೇಳಿದರೆ ಶುಭಾಳನ್ನು ತಿವಿಯುತ್ತಿದ್ದಳು. ದೇವರ ಸ್ತೋತ್ರದಲ್ಲಿ ಆ ಹೆಸರು ಬಂದರೆ ಹೂಂ ಹೂಂ ಎಂದು ಮೂಗಿನಲ್ಲೇ ಹಾದು ಮುಂದಕ್ಕೆ ಹೋಗುತ್ತಿದ್ದಳು. ತಿರುಪತಿಯ ದೇವರು ಇವಳಿಗೆ ಬರೀ ತಿಮ್ಮಪ್ಪ. ಬಾಯಿದ್ದಾಗ ಆಡದ ಹೆಸರನ್ನು, ಬಾಯಿ ಹೋದ ಮೇಲೆ ನಾವು ಮನಸ್ಸಿನಲ್ಲಿ ಆಡು ಎಂದು ಜುಲುಮೆ ಮಾಡುತ್ತಿದ್ದೇವೆ!

ಒಳಗೆ ನುಗ್ಗಿದೆ. "ಅಯ್ಯ, ಗಂಡಸರು ಬಂದ್ರು!" ಎಂದು ಹೆಂಗಸರು ಚೀರಿದರು. ಅರಿಶಿನದ ಬಟ್ಟಲು ಉರುಳಿತು. ನಾನು ಯಾರನ್ನೂ ಲೆಕ್ಕಿಸದೆ ಮಂಚದ ಬಳಿ ಹೋಗಿ, "ನನ್ನ ಹೆಸರ ಅನಬಾರದು ಅಂತ ಬಿಟ್ಟಿ ಏನ? ಅದಕ್ಕ ಏನ?" ಎಂದೆ.

ಕಣ್ಣು ಮೇಲೆ. ಇನ್ನೂ ಮೇಲೆ. ಬಿಳಿಗುಡ್ಡೆಯಷ್ಟೇ ಕಾಣುವಷ್ಟು ಮೇಲೆ.

ನನ್ನ ಬಿಳಿ ಅಂಗಿಯೆಲ್ಲ ಹಳದಿಯಾಗಿದೆ. ಹೋಗಲಿ.

೬ ಫೆಬ್ರವರಿ, ಗುರುವಾರ

ನಿಷತ ಕೇಳಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ನಮ್ಮ ನಾನೀ, ನಮ್ಮವ್ವನ ಅವ್ವ, ಅವರೂ ಹಂಗ ರೀ ಕಾಕಾ! ಗಂಡನ ಹೆಸರು ಇವತ್ತಿಗೂ ಅವರ ಬಾಯಾಗ ಬಂದಿಲ್ಲ. ನನಗರ ಹೊಳೀಬೇಕಿತ್ತಲ್ಲ!" ಫೋನಿನಲ್ಲಿ ಸಾಹೇಬರನ್ನು ಕೇಳಿ ನಾಲ್ಕನೆಯ ಪದ ಬದಲಿಸಿದಳು. ನನ್ನ ಜಾಗಕ್ಕೆ 'ತಿಮ್ಮಪ್ಪ' ಬಂದ. ಒಂದೇ ಏಟಿಗೆ ಸರಿಯಾಗಿ ಬಂದ. ಬೀಗ ತೆರೆಯಿತು.

ಎರಡು ವರ್ಷದ ಮೇಲೆ ಮೊದಲ ಮಾತು. ಶುಭಾ ನನ್ನ ಕೈ ಹಿಡಿದಿದ್ದಳು. ಅಕ್ಷರ ಒಂದೊಂದೇ ಬಂತು. 'ಉಪ್ಪು'.

ಏನೆಂದು ಯಾರಿಗೂ ತಿಳಿಯಲಿಲ್ಲ. ಮುಂದಿನ ಪದ ಬಂತು. 'ಸಾರಿಗೆ'. ಆಮೇಲೆ 'ಹಾಕ್ರಿ'.

ನಿಷತ ಟೇಬಲ್ ಹಿಡಿದುಕೊಂಡು ನಕ್ಕಳು. ಎರಡು ವರ್ಷ ಸಪ್ಪನೆಯ ಸಾರು ಕುಡಿಸಿದ್ದೇನೆ, ಮೇಲೆ ಬಂದವರಿಗೆಲ್ಲ "ಇಕಿಗೆ ಸಪ್ಪಗಿದ್ರ ಸೇರ್ತದ" ಎಂದು ಹೇಳಿದ್ದೇನೆ.

೧೮ ಫೆಬ್ರವರಿ, ಮಂಗಳವಾರ

ಹನ್ನೆರಡು ದಿನದಲ್ಲಿ ತಿಳಿದುಬಂದ ವಿಷಯಗಳು: ರೇಡಿಯೋ ವಾರ್ತೆ ಇವಳಿಗೆ ಮೊದಲಿನಿಂದಲೂ ಸೇರುವುದಿಲ್ಲ. ಫ್ಯಾನಿನ ಗಾಳಿಗೆ ಕಿವಿ ನೋಯುತ್ತದೆ. ಗೋಡೆಯ ಮೇಲಿನ ಕ್ಯಾಲೆಂಡರ್ ಜೂನ್ ತಿಂಗಳಿನಲ್ಲೇ ನಿಂತಿದೆ, ಅದನ್ನು ನೋಡಿ ನೋಡಿ ತಲೆ ಚಿಟ್ಟು ಹಿಡಿದಿದೆ. ಮುರ್ತುಜಾಸಾಬನ ಜೋಕುಗಳು ಮಾತ್ರ ಚೆನ್ನಾಗಿವೆಯಂತೆ. ಅವನಿಗೆ ಇದನ್ನು ನಾನು ಹೇಳುವುದಿಲ್ಲ.

ನಿನ್ನೆ ವಿಜಯಲಕ್ಷ್ಮಿ ಬಂದು "ನಿದ್ದಿ ಬರ್ತೈತೇನ್ರಿ ಅಕ್ಕಾರ?" ಎಂದು ಕೇಳಿದಳು. ನಾನು ರೂಢಿಯಂತೆ "ಭೇಷ್ ಮಲಗ್ತಾಳ" ಎಂದುಬಿಟ್ಟೆ. ಪರದೆ ಮಿಂಚತೊಡಗಿತು. ಇಬ್ಬರೂ ಕಾದೆವು. 'ನಾ ಹೇಳ್ತೇನಿ' ಎಂದು ಬಂತು. ಅಷ್ಟು ಬರೆಯುವ ಹೊತ್ತಿಗೆ ವಿಜಯಲಕ್ಷ್ಮಿಯ ಚಹಾ ಆರಿಹೋಗಿತ್ತು. ಆದರೂ ಅವಳು ಎದ್ದು ಹೋಗಲಿಲ್ಲ. ನಾನೂ ಬಾಯಿ ಹಾಕಲಿಲ್ಲ. ನಿದ್ದೆ ಬರುವುದಿಲ್ಲವಂತೆ. ಕಾರಣ ನನ್ನ ಗೊರಕೆ.

ದಿನಕ್ಕೆ ಒಂದು ಸಲವಾದರೂ ಬರುವ ಪದ 'ಮೆಲ್ಲಗ'. ಅದನ್ನು ಬರೆಯುವ ಶ್ರಮ ಬೇಡವೆಂದು ನಿಷತ ಅದಕ್ಕೆ ಪರದೆಯಲ್ಲಿ ಅಕ್ಷರದ ಹಾಗೇ ಮಿಂಚುವ ಪ್ರತ್ಯೇಕ ಗುಂಡಿಯನ್ನೇ ಇಟ್ಟುಕೊಟ್ಟಿದ್ದಾಳೆ. ಹಾಗೆಯೇ ಸುತ್ತಲಿನ ಊರುಗಳ ಹೆಸರಿಗೂ ಗುಂಡಿಗಳಿವೆ. ಊರುಗಳು ಯಾಕೆ ಬೇಕೋ. ಇವಳೇ ಕೇಳಿದಳಂತೆ.

೧ ಮಾರ್ಚ್, ಶನಿವಾರ

ನಾಡಿದ್ದು ಪರೀಕ್ಷೆ. ಯಾರೂ ಹೇಳಿಕೊಡದೆ, ತನ್ನದೇ ಆದ ಒಂದು ಪೂರ್ತಿ ಮಾತು ಬರೆಯಬೇಕು. ಬರೆದರೆ ಯಂತ್ರ ಇಲ್ಲಿಯೇ ಉಳಿಯುತ್ತದೆ, ಇಲ್ಲದಿದ್ದರೆ ಅಂದೇ ಗಾಡಿ ಹತ್ತುತ್ತದೆ. "ಉಪ್ಪು ಹಾಕ್ರಿ ಅಂತನ ಬರಿ, ಸಾಕು" ಎಂದು ಹೇಳಿದೆ. 'ಮೆಲ್ಲಗ' ಬಂತು.

ನನಗೆ ಹೆದರಿಕೆ. ಮತ್ತೆ ಮೊದಲಿನ ಹಾಗೆ ನಾನೊಬ್ಬನೇ ಮಾತಾಡಿಕೊಂಡು ಇರಲಾರೆ.

೩ ಮಾರ್ಚ್, ಸೋಮವಾರ

ಸಾಹೇಬರು ಹತ್ತು ಗಂಟೆಗೆ ಬಂದರು. ಒಳ್ಳೆಯ ಮನುಷ್ಯ, ಮೈಸೂರು ಕಡೆಯ ಮೆತ್ತನೆಯ ಮಾತು. "ಅಮ್ಮಾ, ನಿಮಗೇನು ಬೇಕೋ ಬರೀರಿ. ಮನೆಯವರು ಯಾರೂ ಮಾತಾಡಬಾರದು" ಎಂದು ನನ್ನ ಕಡೆ ನೋಡಿದರು. ನಿಷತ ಮೊದಲೇ ಎಲ್ಲ ಹೇಳಿಟ್ಟಿರಬೇಕು.

ಪರದೆ ಮಿಂಚಿತು. 'ಇಂಡಿ' ಬಂತು. ಆಮೇಲೆ 'ಬಾಗೇವಾಡಿ'. ಆಮೇಲೆ 'ಮುದ್ದೇಬಿಹಾಳ'.

ಸಾಹೇಬರು ಹುಬ್ಬು ಗಂಟು ಹಾಕಿದರು. "ಇದು ಬರೀ ಊರುಗಳ ಹೆಸರಲ್ವಾ? ಗುಂಡಿಗಳನ್ನ ಯಂತ್ರ ತಾನೇ ಒತ್ತುತ್ತಿರಬಹುದು. ಇದನ್ನ ಮಾತು ಅಂತ ಹೇಳೋಕಾಗಲ್ಲ." ನಿಷತಳ ಮುಖ ಬಾಡಿತು. ಇವಳ ತಲೆ ಕೆಟ್ಟಿತೋ ಅಥವಾ ನನ್ನ ಅಣಕ ಮಾಡುತ್ತಿದ್ದಾಳೋ? ಸಾಹೇಬರು ಗಡಿಯಾರ ನೋಡಿಕೊಂಡು ಕಾಗದದ ಮೇಲೆ ಪೆನ್ನು ಇಟ್ಟರು.

ಕೂಗಬೇಕೆಂದು ಬಾಯಿ ತೆರೆದೆ. ಅವಳ ಕಣ್ಣು ನನ್ನ ಮೇಲಿತ್ತು. ಅದೇನೋ, ಮೆಲ್ಲಗೇ ಮಾತು ಬಂತು. "ಸಾಹೇಬ್ರ, ನಾ ಕಂಟ್ರೋಲರ್ ಇದ್ದಾಂವ. ಗಾಡಿ ಲೇಟ್ ಆತಂತ ಕ್ಯಾನ್ಸಲ್ ಮಾಡಬಾರದ್ರಿ. ಇನ್ನೊಂದಿಷ್ಟು ಹಾದಿ ನೋಡೋಣ್ರಿ." ಸಾಹೇಬರು ನನ್ನ ಮುಖ ನೋಡಿ ಪೆನ್ನು ಜೇಬಿಗೆ ಹಾಕಿದರು.

'ಕೂಗಿದ', 'ಬಾಯಿ'. ಇಷ್ಟಕ್ಕೆ ಊಟದ ಹೊತ್ತಾಯಿತು. ಶುಭಾ ಸಾಹೇಬರಿಗೆ ಅಲ್ಲಿಯೇ ಅವಲಕ್ಕಿ ಕೊಟ್ಟಳು. ಇವಳ ಹಣೆಯಲ್ಲಿ ಬೆವರಿತ್ತು. ಒರೆಸಿ "ಸಾಕಾತೇನ?" ಎಂದೆ. ಕಣ್ಣು ಕೆಳಗೆ. ಇಲ್ಲ.

ಮುಂದಿನ ಅಕ್ಷರ 'ಶ್ರೀ'.

ಶುಭಾ "ಅವ್ವಾ!" ಎಂದು ಬಾಯಿ ಮುಚ್ಚಿಕೊಂಡಳು. ಗುಂಡಿಗಳಲ್ಲಿ ನನ್ನ ಹೆಸರಿಲ್ಲ, ಅದನ್ನು ಯಾರೂ ಇಟ್ಟಿಲ್ಲ. ಅಕ್ಷರ ಅಕ್ಷರ ಆರಿಸಿಯೇ ಬರೆಯಬೇಕು. ನಿ. ವಾ. ನಾನು ಮಂಚದ ಕಾಲು ಹಿಡಿದು ನೆಲದ ಮೇಲೆ ಕುಳಿತುಬಿಟ್ಟೆ. ಕೊನೆಗೆ ಬಿಸಿಲು ಅಂಗಳದಿಂದ ಗೋಡೆಗೆ ಹತ್ತಿದಾಗ ಪರದೆಯ ಮೇಲೆ ಪೂರ್ತಿಯಾಗಿ ನಿಂತಿತ್ತು:

'ಇಂಡಿ ಬಾಗೇವಾಡಿ ಮುದ್ದೇಬಿಹಾಳ ಕೂಗಿದ ಬಾಯಿ
ಶ್ರೀನಿವಾಸರಾಯರು ಒಮ್ಮೆ ಕೂಗಲಿ ತುಳಸೀಬಾಯಿ'

"ಇದೇನು, ಪದ್ಯವಾ?" ಎಂದರು ಸಾಹೇಬರು.

ನಿಷತ ಕಣ್ಣೊರೆಸಿಕೊಳ್ಳುತ್ತ, "ಒಡಪು ರೀ ಸರ್. ಗಂಡನ ಹೆಸರ ಹೇಳ್ಯಾರ. ಇನ್ನ ಬಾಗಿಲ ಬಿಡಬೇಕ್ರಿ" ಎಂದಳು. ಸಾಹೇಬರು ಅರ್ಥಮಾಡಿಕೊಂಡರೋ ಇಲ್ಲವೋ, ನಕ್ಕು ಕಾಗದಕ್ಕೆ ಸಹಿ ಹಾಕಿದರು. ಯಂತ್ರ ಇಲ್ಲಿಯೇ ಉಳಿಯಿತು.

ಅದು ಇರಲಿ. ಮದುವೆಯಾದಂದಿನಿಂದ ನಾನು ಇವಳನ್ನು ಏನೆಂದು ಕರೆದಿದ್ದೇನೆ? ಏ. ಕೇಳಿದೇನ. ಎಲ್ಲಿದ್ದಿ. ಊರೂರ ಹೆಸರು ಕೂಗಿ ಮನೆಗೆ ಬಂದವನು ಈ ಒಂದು ಹೆಸರು ಕೂಗಿರಲಿಲ್ಲ. ಈಕೆ ಆ ಆಸೆಯನ್ನು ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದಳು, ನನಗೆ ಗೊತ್ತೇ ಇರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾಚಿಕೆಯಾಯಿತು, ಅಳುವೂ ಬಂತು. "ತುಳಸಿ" ಎಂದೆ, ನನಗೇ ಕೇಳದ ಹಾಗೆ.

ಪರದೆ ಮತ್ತೆ ಮಿಂಚತೊಡಗಿತು. ದಣಿದಿದ್ದಾಳೆ, ಸಾಕು ಎಂದು ಶುಭಾ ಟೋಪಿಗೆ ಕೈ ಹಾಕಿದಳು. ನಿಷತ ಅವಳನ್ನು ತಡೆದಳು. ನಾವೆಲ್ಲ ಕಾದೆವು. ಬಂದದ್ದು ಒಂದೇ ಪದ.

'ಜೋರಲೆ'.

ಎದ್ದು ನಿಂತೆ. ಅಂಗಿ ಸರಿಮಾಡಿಕೊಂಡೆ. "ತುಳಸೀ! ತುಳಸೀಬಾಯೀ!" ಎಂದು ಕೂಗಿದೆ. ಎದುರು ಮನೆಯ ಕಿಟಕಿ ತೆರೆಯಿತು. ಮೂಲೆಯ ಪಾನ್ ಅಂಗಡಿಯಲ್ಲಿದ್ದ ಮುರ್ತುಜಾಸಾಬನಿಗೂ ಕೇಳಿಸಿತಂತೆ, ಓಡುತ್ತಲೇ ಬಂದ. ಪರದೆಯ ಮೇಲೆ 'ಮೆಲ್ಲಗ' ಬರಲಿಲ್ಲ. ಕಣ್ಣು ಮೇಲೆ ಹೋಗಿ ಅಲ್ಲಿಯೇ ನಿಂತಿತ್ತು.

೧೨ ಮಾರ್ಚ್, ಬುಧವಾರ

ಶುಭಾ ಸಿಟ್ಟಾಗಿದ್ದಾಳೆ, ಡೈರಿ ಯಾಕೆ ಬರೆಯುತ್ತಿಲ್ಲ ಎಂದು. ಸಾರಿಗೆ ಉಪ್ಪು ಸರಿಯಾಗಿದೆ ಎಂದು ತುಳಸಿ ಇವತ್ತು ಹೇಳಿದಳು, ಆದರೆ ಒಗ್ಗರಣೆಗೆ ಇಂಗು ಸಾಲದಂತೆ. ಕ್ಯಾಲೆಂಡರ್ ಬದಲಿಸಿದೆ. ಮಧ್ಯಾಹ್ನದಿಂದ ತುಳಸಿ ಏನೋ ದೊಡ್ಡ ಮಾತು ಶುರು ಮಾಡಿದ್ದಾಳೆ. ಇನ್ನೂ ಮೂರನೆಯ ಪದದಲ್ಲಿದ್ದಾಳೆ, ಹೋಗಿ ಕೂತುಕೊಳ್ಳಬೇಕು.